ಬೀಗ ತೆಗೆಯಲು ಕಾರಣ

ಸಾಸಿಯಾ ಕೂತ ಕುರ್ಚಿಯಲ್ಲೇ ಉಚ್ಚೆ ಹೊಯ್ದುಕೊಂಡಳು. ಆಗ ಅವಳು ಫೋನಿನಲ್ಲಿದ್ದಳು. ಆ ಕಡೆ ಫ್ರಾನ್ಸಿನ ಯಾವನೋ ಮುದುಕ, ತಾನು ಹಿಡಿದ ಹೋಟೆಲ್ ಕೋಣೆಯಿಂದ ಸಮುದ್ರ ಕಾಣುವುದಿಲ್ಲವೆಂದು ಗೊಣಗುತ್ತಿದ್ದ. ಸಾಸಿಯಾ ಅವನಿಗೆ ಸಮಾಧಾನ ಹೇಳುತ್ತಿದ್ದಳು. ಫೋನಿನಲ್ಲಿ ಅವಳ ಹೆಸರು ಸೋಫಿ. ದನಿ ಒಂದಿಷ್ಟೂ ನಡುಗಲಿಲ್ಲ. ಕುರ್ಚಿಯ ಬಟ್ಟೆ ಕುಡಿಯುವಷ್ಟು ಕುಡಿಯಿತು, ಉಳಿದದ್ದು ನೆಲಕ್ಕೆ ತೊಟ್ಟಿಕ್ಕಿತು.

ಗಾಜಿನ ಕೋಣೆಯೊಳಗೆ ಮಬ್ರೂಕಾಳ ಪರದೆಯ ಮೇಲೆ ಸಾಸಿಯಾಳ ಖಾತೆ ಹಸಿರಾಗಿಯೇ ಇತ್ತು. ಪ್ರೋಗ್ರಾಮು ಸರಿಯಾಗಿ ಕೆಲಸ ಮಾಡುತ್ತಿತ್ತು. ಅದನ್ನು ಬರೆದವಳು ಮಬ್ರೂಕಾ.

ಜೆರ್ಬಾ ದ್ವೀಪಕ್ಕೆ ಬರುವ ಪ್ರವಾಸಿಗಳ ದೂರು ಕೇಳುವ ಕಾಲ್ ಸೆಂಟರು ಅದು. ಹೂಮ್ತ್ ಸೂಕ್ ಬಂದರಿನ ಹಿಂದೆ, ಹಿಂದೊಮ್ಮೆ ಆಲಿವ್ ಎಣ್ಣೆಯ ಉಗ್ರಾಣವಾಗಿದ್ದ ಉದ್ದನೆಯ ಹಾಲ್. ಸಾಲುಸಾಲಾಗಿ ಹೆಂಗಸರು, ಅಲ್ಲಲ್ಲಿ ಒಬ್ಬಿಬ್ಬರು ಗಂಡಸರು, ಎಲ್ಲರ ಕಿವಿಗೂ ಫೋನು. ಕೊನೆಯಲ್ಲಿ ಗಾಜಿನ ಕೋಣೆ. ಅದರಲ್ಲಿ ಮೂವರು: ಮ್ಯಾನೇಜರ್ ಸೀ ರಫೀಕ್, ಸೂಪರ್‌ವೈಸರ್ ಒಲ್ಫಾ, ಸರ್ವರ್ ನೋಡಿಕೊಳ್ಳುವ ಮಬ್ರೂಕಾ.

ಪ್ರೋಗ್ರಾಮು ಹುಟ್ಟಿದ್ದು ಬೇರೆ ಕೆಲಸಕ್ಕೆ. ಜನ ಬರುತ್ತಿದ್ದರು, ತಿಂಗಳೊಪ್ಪತ್ತಿನಲ್ಲಿ ಬಿಟ್ಟು ಓಡುತ್ತಿದ್ದರು. ಬಿಟ್ಟುಹೋದವರ ಖಾತೆಗಳಿಗೆ ಸರ್ವರಿನಲ್ಲಿ ಒಂದೊಂದಾಗಿ ಬೀಗ ಹಾಕಿ ಮಬ್ರೂಕಾಳಿಗೆ ಬೇಸರ ಬಂದಿತ್ತು. ತಾನಾಗಿಯೇ ಬೀಗ ಹಾಕುವ, ಬೇಕಾದಾಗ ತೆಗೆಯುವ ಒಂದು ಸಣ್ಣ ಪ್ರೋಗ್ರಾಮನ್ನು ಬರೆದಳು. ಸೀ ರಫೀಕ್ ಬೆನ್ನ ಹಿಂದೆ ನಿಂತು ಅದನ್ನು ನೋಡಿದ.

"ಬಿಟ್ಟು ಹೋದವರಿಗೆ ಬೀಗ ಹಾಕುತ್ತೆ ಅಂದ್ಮೇಲೆ ಎದ್ದು ಹೋದವರಿಗೂ ಹಾಕಬಹುದಲ್ವೇನೆ?" ಎಂದ.

"ಆಗುತ್ತೆ," ಎಂದಳು ಮಬ್ರೂಕಾ.

ಆ ಒಂದು ಮಾತನ್ನು ಅವಳು ಈಗಲೂ ಮರೆತಿಲ್ಲ. ಯಾರೂ ಹೆದರಿಸಿರಲಿಲ್ಲ. ತನ್ನ ಕೈಯಲ್ಲಿ ಆಗುತ್ತದೆ ಎಂದು ತೋರಿಸುವ ಹುಮ್ಮಸ್ಸಷ್ಟೇ. ಅಂದೇ ಬರೆದು ಮುಗಿಸಿದಳು. ಕೀಲಿಮಣೆಯೂ ಫೋನೂ ಕೆಲವು ನಿಮಿಷ ಸುಮ್ಮನಾದರೆ ಖಾತೆಗೆ ಬೀಗ. ಬೀಗ ಬಿದ್ದವರು ಎದ್ದು ಬಂದು ಗಾಜಿನ ಬಾಗಿಲ ಹೊರಗೆ ನಿಂತು ಎಲ್ಲರಿಗೂ ಕೇಳುವಂತೆ ಕಾರಣ ಹೇಳಬೇಕು. ಮಬ್ರೂಕಾ ಅದನ್ನು ಪ್ರೋಗ್ರಾಮಿನಲ್ಲಿ ಬರೆದು ಬೀಗ ತೆಗೆಯಬೇಕು. ಕಾರಣದ ಜಾಗ ಖಾಲಿ ಇದ್ದರೆ ಬೀಗ ತೆರೆಯದು, ಯಾರು ತೆಗೆದರೂ ತೆರೆಯದು. ದಿನಕ್ಕೆ ಮೂರು ಸಲ ಬೀಗ ಬಿದ್ದರೆ ಆ ದಿನದ ಕೂಲಿ ಇಲ್ಲ. ಗಾಜಿನ ಕೋಣೆಯ ಮೂರು ಖಾತೆಗಳಿಗೆ ಮಾತ್ರ ಈ ಬೀಗ ತಾಗದು.

ಆ ಮಧ್ಯಾಹ್ನ ಸೀ ರಫೀಕ್ ತನ್ನ ಮನೆಯಿಂದ ಬಂದ ಮೀನಿನ ಕುಸ್‌ಕುಸ್ಸನ್ನು ಒಂದು ತಟ್ಟೆಯಲ್ಲಿ ಹಾಕಿಸಿ ಮಬ್ರೂಕಾಳ ಮೇಜಿಗೆ ಕಳಿಸಿದ. ಅವನ ಮನೆತನದವರು ಇವಳ ಮನೆತನದವರಿಗೆ ಕೂತ ಜಾಗಕ್ಕೆ ಅನ್ನ ಕಳಿಸಿದ್ದು ಅದೇ ಮೊದಲು. ಅವಳು ತಿಂದಳು. ರುಚಿಯಾಗಿಯೂ ಇತ್ತು.

ಮನೆತನದ ಮಾತು ಹೇಳಲೇಬೇಕು. ಸೀ ಎಂದರೆ ಸಾಹೇಬ. ಸೀ ರಫೀಕನ ಮನೆಯ ಹೆಸರು ಬೆನ್ ಜಲ್ಲೂದ್. ಮಬ್ರೂಕಾಳ ಮನೆಯ ಹೆಸರೂ ಅದೇ, ಅದರ ಮುಂದೆ ಒಂದು ಪದ ಹೆಚ್ಚು: ಅತೀಗ್. ಬಿಡುಗಡೆ ಪಡೆದವರು ಎಂದು ಅರ್ಥ. ಅವಳ ಮುತ್ತಜ್ಜನ ಅಜ್ಜನನ್ನು ಜಲ್ಲೂದರು ದುಡ್ಡು ಕೊಟ್ಟು ಕೊಂಡಿದ್ದರು, ಆಮೇಲೆ ಬಿಟ್ಟಿದ್ದರು. ಬಿಟ್ಟದ್ದನ್ನು ಇಂದಿಗೂ ಗುರುತಿನ ಚೀಟಿಯಲ್ಲಿ ಬರೆಸಿಕೊಂಡು ತಿರುಗಬೇಕು. ಬಿಟ್ಟರೂ ಬಿಟ್ಟಂತಲ್ಲ. ಜಲ್ಲೂದರ ಮನೆಯಲ್ಲಿ ಮದುವೆಯಾದರೆ ಇವರ ಹೆಂಗಸರು ಹಿತ್ತಿಲ ಬಾಗಿಲಿನಿಂದ ಹೋಗಿ ಡೋಲು ಬಾರಿಸಬೇಕು, ಹಾಡಬೇಕು, ಪಾತ್ರೆ ಬೆಳಗಬೇಕು. ಮಬ್ರೂಕಾಳ ತಾಯಿ ಖಮೀಸಾ ಸೀ ರಫೀಕನ ಮದುವೆಯಲ್ಲೂ ಬಾರಿಸಿದ್ದಾಳೆ. ಕಂಪ್ಯೂಟರ್ ಓದಿ ಮುಗಿಸಿದ ಮಗಳನ್ನು ಕರೆದುಕೊಂಡು ಕೆಲಸ ಕೇಳಲು ಹೋದಾಗಲೂ ಹಿತ್ತಿಲಿಂದಲೇ ಹೋಗಿದ್ದಳು. "ನಮ್ಮ ಖಮೀಸಾನ ಮಗಳು, ನಮ್ಮ ಮನೇದೇ ಹುಡುಗಿ," ಎಂದು ಸೀ ರಫೀಕ್ ಕೆಲಸ ಕೊಟ್ಟ. ಬೀಗದ ಕೆಲಸ ಬಂದಾಗಲೂ ಹಾಗೇ ಅಂದ. ಬೀಗ ತೆಗೆಯುವುದನ್ನು ತಾನು ಕಲಿಯಲೂ ಇಲ್ಲ, ಒಲ್ಫಾಳಿಗೆ ಕಲಿಯಲು ಬಿಡಲೂ ಇಲ್ಲ. ಇಂಥ ಕೆಲಸ ಮನೆಯ ಆಳೇ ಮಾಡಬೇಕು ಎಂಬುದು ಅವನ ಲೆಕ್ಕ.

ಸಾಸಿಯಾ ಮಬ್ರೂಕಾಳ ಬೀದಿಯವಳು, ಅವಳ ಬಣ್ಣದವಳು, ವಯಸ್ಸಿನಲ್ಲಿ ಅಕ್ಕನಂಥವಳು. ಮಿದೂನ್ ಪೇಟೆಯ ಆಚೆಯ ಕರಿಯರ ಓಣಿಯಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ. ಮಬ್ರೂಕಾ ಚಿಕ್ಕವಳಾಗಿದ್ದಾಗ ಅವಳ ಗುಂಗುರು ಕೂದಲನ್ನು ಎಣ್ಣೆ ಹಚ್ಚಿ ಹೆಣೆದು ಶಾಲೆಗೆ ಕಳಿಸುತ್ತಿದ್ದವಳು ಅವಳೇ. ಸಾಸಿಯಾಳನ್ನು ಈ ಕೆಲಸಕ್ಕೆ ಸೇರಿಸಿದ್ದು ಮಬ್ರೂಕಾ. ಕೊನೆಯ ಹೆರಿಗೆಯಲ್ಲಿ ಸಾಸಿಯಾಳ ಒಳಗೆ ಏನೋ ಹರಿದಿತ್ತು, ಸರಿಯಾಗಿ ಹೊಲಿದಿರಲಿಲ್ಲ. ಮೂತ್ರ ತಡೆಯಲು ಆಗುತ್ತಿರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಇದು ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಬೀಗ ಶುರುವಾದ ವಾರದಲ್ಲೇ ಸಾಸಿಯಾ ಗಾಜಿನ ಬಾಗಿಲಿಗೆ ಬಂದು ನಿಂತಳು. ಕಾಲಿಗೆ ಕಾಲು ಒತ್ತಿಕೊಂಡು ನಿಂತಿದ್ದಳು.

"ಕಾರಣ?" ಎಂದಳು ಮಬ್ರೂಕಾ.

"ನಿಂಗೆ ಗೊತ್ತಲ್ಲೇ."

"ಹೇಳ್ಬೇಕು ಸಾಸಿಯಾ."

"ಗೊತ್ತಿರೋದನ್ನ ಏನೇ ಹೇಳೋದು?"

ಒಲ್ಫಾ ಉಗುರು ನೋಡಿಕೊಳ್ಳುತ್ತ, "ಸೋಫಿ ಮೇಡಂಗೆ ಬಾಯಿ ಫೋನಲ್ಲಿ ಮಾತ್ರ ಬರೋದಾ?" ಎಂದಳು.

ಸಾಸಿಯಾ ಮಬ್ರೂಕಾಳನ್ನೇ ನೋಡಿದಳು. ಮಬ್ರೂಕಾ ಕೀಲಿಮಣೆ ನೋಡಿದಳು.

"ಉಚ್ಚೆಗೆ ಹೋಗಿದ್ದೆ," ಎಂದಳು ಸಾಸಿಯಾ, ಇಡೀ ಹಾಲಿಗೆ ಕೇಳುವಂತೆ.

ಹಿಂದಿನ ಸಾಲಿನ ಹುಡುಗನೊಬ್ಬ ನಕ್ಕ. ಅವನ ಪಕ್ಕದವನು, "ವಸೀಫ್‌ಗಳ ಮನೇಲಿ ಹೊತ್ತು ಗೊತ್ತು ಇರಲ್ಲ ಬಿಡು," ಎಂದ. ಆಳು ಎನ್ನುವುದಕ್ಕೂ ಕರಿಯ ಎನ್ನುವುದಕ್ಕೂ ದ್ವೀಪದಲ್ಲಿ ಅದೊಂದೇ ಮಾತು. ಅದು ತನಗೂ ಬಡಿಯಿತೆಂದು ಮಬ್ರೂಕಾಳಿಗೆ ಗೊತ್ತಾಯಿತು. ಗೊತ್ತಾಗದವಳಂತೆ ಕಾರಣ ಬರೆದಳು. ಬೀಗ ತೆರೆಯಿತು.

ಆಮೇಲೆ ಸಾಸಿಯಾ ನೀರು ಕುಡಿಯುವುದನ್ನು ಬಿಟ್ಟಳು. ಇಡೀ ದಿನ ಮಾತಾಡುವ ಕೆಲಸ, ಒಂದು ಗುಟುಕು ನೀರಿಲ್ಲ. ತುಟಿ ಒಡೆಯಿತು. ಮಬ್ರೂಕಾ ಅದನ್ನೂ ಗಾಜಿನಾಚೆಯಿಂದ ನೋಡಿದಳು. ನಾಳೆ ಸೀ ರಫೀಕ್‌ಗೆ ಹೇಳಬೇಕು ಅಂದುಕೊಂಡಳು. ನಾಳೆ ಬಂದಾಗ ನಾಡಿದ್ದು ಅಂದುಕೊಂಡಳು.

ಕುರ್ಚಿ ಒದ್ದೆಯಾದ ದಿನ ಊಟದ ಹೊತ್ತಿಗೇ ಸಾಸಿಯಾಳ ಖಾತೆಗೆ ಎರಡು ಸಲ ಬೀಗ ಬಿದ್ದಿತ್ತು. ಮೂರನೆಯದು ಬಿದ್ದರೆ ಕೂಲಿ ಹೋಗುತ್ತಿತ್ತು. ಅವಳು ಏಳಲಿಲ್ಲ.

ಮುದುಕನ ದೂರು ಮುಗಿಯಿತು. ಸಾಸಿಯಾ ಅವನಿಗೆ ಶುಭದಿನ ಹೇಳಿದಳು. ತಲೆಯ ವಸ್ತ್ರ ಬಿಚ್ಚಿದಳು. ಕುರ್ಚಿಯಿಂದ ಇಳಿದು ಮೊಣಕಾಲೂರಿ ನೆಲ ಒರೆಸತೊಡಗಿದಳು. ಹಾಲಿನಲ್ಲಿ ದನಿಗಳು ಒಂದೊಂದಾಗಿ ಇಳಿದವು. ಪಕ್ಕದ ಸಾಲಿನ ನಾಜೂಕಿನ ಹುಡುಗಿಯೊಬ್ಬಳು ಕಾಲು ಮೇಲೆತ್ತಿಕೊಂಡಳು. ಒಲ್ಫಾ ಮೂಗು ಮುಚ್ಚಿಕೊಂಡು ಹೊರಗೆ ಹೋಗಿ, "ಕುರ್ಚೀನ ಯಾರು ತೊಳೀತಾರೆ? ನಮ್ಮಮ್ಮನಾ?" ಎಂದು ಕೇಳಿದಳು. ಸಾಸಿಯಾ ಆ ಕುರ್ಚಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅವಳ ಉಡುಪಿನ ಹಿಂಭಾಗ ಕಪ್ಪಗೆ ಒದ್ದೆಯಾಗಿತ್ತು. ಎಲ್ಲರೂ ನೋಡಿದರು.

ಮಬ್ರೂಕಾ ಏಳಬೇಕಿತ್ತು. ತಾನು ಎದ್ದರೆ ತನ್ನ ಖಾತೆಗೆ ಬೀಗ ಬೀಳುವುದಿಲ್ಲ, ಯಾರೂ ಕಾರಣ ಕೇಳುವುದಿಲ್ಲ. ಹೊರಗೆ ಹೋಗಿ ಕುರ್ಚಿಯ ಇನ್ನೊಂದು ಕಡೆ ಹಿಡಿಯಲು ಹತ್ತು ಹೆಜ್ಜೆ ಸಾಕಿತ್ತು. ಅವಳು ಏಳಲಿಲ್ಲ. ಪರದೆಯ ಮೇಲೆ ಸಾಸಿಯಾಳ ಹಸಿರು ಬಣ್ಣ ಕೆಂಪಾಯಿತು. ಮೂರನೆಯ ಬೀಗ. ಒದ್ದೆಯಾಗಿಯೂ ಕೂಲಿ ಉಳಿಯಲಿಲ್ಲ.

ಸಂಜೆ ಮಿದೂನಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಸಾಸಿಯಾ ನಿಂತೇ ಬಂದಳು. ಮಬ್ರೂಕಾ ಹಿಂದಿನ ಬಾಗಿಲ ಬಳಿ ಕಂಬ ಹಿಡಿದು ನಿಂತಳು. ಇಳಿಯುವಾಗ ಇಬ್ಬರ ಕಣ್ಣೂ ಕೂಡಲಿಲ್ಲ.

ಮನೆಯಲ್ಲಿ ಖಮೀಸಾ ಅಂಗಳದಲ್ಲಿ ಕೂತು ಮೀನು ಉಜ್ಜುತ್ತಿದ್ದಳು. ಸುದ್ದಿ ಬಸ್ಸಿಗಿಂತ ಮುಂಚೆಯೇ ಓಣಿಗೆ ಬಂದಿತ್ತು.

"ಅದೇನೋ ಬೀಗವಂತೆ," ಎಂದಳು. "ಯಾರು ಮಾಡಿದ್ದು?"

"ಸೀ ರಫೀಕ್ ಹೇಳಿದ್ದು ಅವ್ವ."

"ಯಾರು ಹೇಳಿದ್ದು ಅಂತ ಕೇಳ್ಲಿಲ್ಲ."

ಮಬ್ರೂಕಾ ಚಪ್ಪಲಿ ಬಿಡುತ್ತಲೇ ಇದ್ದಳು. ಬಿಟ್ಟು ಮುಗಿಯಲೇ ಇಲ್ಲ.

"ನಾನು," ಎಂದಳು.

ಖಮೀಸಾ ಮೀನನ್ನು ತಿರುಗಿಸಿ ಇನ್ನೊಂದು ಮಗ್ಗುಲು ಉಜ್ಜಿದಳು. "ಅವ್ರ ಮದುವೆ ಮನೇಲಿ ಬಾರಿಸ್ತಾ ಇದ್ದಾಗ ನೀರು ಕುಡಿಯೋಕೆ ಎದ್ದೇಳ್ಬೇಕು ಅಂದ್ರೂ ದೊಡ್ಡಮ್ಮೋರ ಮುಖ ನೋಡ್ಬೇಕಾಗಿತ್ತು. ಅವರು ಹ್ಞೂಂ ಅಂದ್ರೆ ಏಳೋದು, ಇಲ್ಲ ಅಂದ್ರೆ ಬಾರಿಸ್ತಾನೇ ಇರೋದು. ನೀನು ಹೊಟ್ಟೇಲಿದ್ದಾಗ್ಲೂ ಬಾರಿಸಿದ್ದೀನಿ. ನನ್ನ ಮಗಳು ಹಂಗೆ ಮುಖ ನೋಡ್ಕೊಂಡು ನಿಲ್ಲಬಾರದು ಅಂತ ಓದಿಸ್ದೆ ಕಣೇ." ಚಾಕು ಕೆಳಗಿಟ್ಟಳು. "ಆ ದೊಡ್ಡಮ್ಮನ ಜಾಗದಲ್ಲಿ ಕೂತ್ಕೋ ಅಂತ ಓದಿಸ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಒಂದು ಬಟ್ಟಲಿಗೆ ಬಿಸಿ ಸಾರು ಬಗ್ಗಿಸಿ ಮಗಳ ಕೈಗಿಟ್ಟಳು. "ಪಕ್ಕದ ಮನೆಗೆ ಕೊಟ್ಟು ಬಾ," ಎಂದಳು.

ಸಾಸಿಯಾಳ ಬಾಗಿಲು ತೆರೆದೇ ಇತ್ತು. ಹಗ್ಗದ ಮೇಲೆ ಉಡುಪು, ತಲೆವಸ್ತ್ರ ಒಣಗುತ್ತಿದ್ದವು. ಒಳಗೆ ಸಾಸಿಯಾ ಚಾಪೆಯ ಮೇಲೆ ಕೂತು ಮಗುವಿಗೆ ಉಣಿಸುತ್ತಿದ್ದಳು. ಮಬ್ರೂಕಾ ಹೊಸ್ತಿಲಾಚೆ ಬಟ್ಟಲು ಹಿಡಿದು ನಿಂತಳು. ಕಾಲು ಒಳಗೆ ಬರಲಿಲ್ಲ.

"ಬಾ ಒಳಗೆ," ಎಂದಳು ಸಾಸಿಯಾ. "ನಾನು ಕಾರಣ ಕೇಳಲ್ಲ."

ಮಬ್ರೂಕಾ ಬಟ್ಟಲನ್ನು ಹೊಸ್ತಿಲ ಮೇಲಿಟ್ಟಳು. ತಪ್ಪಾಯಿತು ಎನ್ನಲು ಬಾಯಿ ತೆರೆದಳು, ಅದೂ ಒಂದು ಬೇಡಿಕೆಯೇ ಅನ್ನಿಸಿತು. ತನ್ನ ಮಾನ ತನಗೆ ಮರಳಿ ಕೊಡು ಎಂದು ಮಾನ ಕಳೆದುಕೊಂಡವಳನ್ನೇ ಕೇಳಿದಂತೆ. ಸುಮ್ಮನೆ ವಾಪಸು ಬಂದಳು.

ಬೆಳಿಗ್ಗೆ ಸಾಸಿಯಾ ಕೆಲಸಕ್ಕೆ ಬಂದಿದ್ದಳು. ಬರದೇ ಇದ್ದರೆ ಮನೆ ನಡೆಯುವುದಿಲ್ಲ. ಅವಳ ಜಾಗದಲ್ಲಿ ಬಟ್ಟೆಯ ಕುರ್ಚಿ ಇರಲಿಲ್ಲ, ಕಾಫಿ ಅಂಗಡಿಯ ಹೊರಗೆ ಹಾಕುವಂಥ ಬಿಳಿ ಪ್ಲಾಸ್ಟಿಕ್ ಕುರ್ಚಿ ಇತ್ತು. ಸಾಸಿಯಾ ಅದನ್ನು ನೋಡಿದಳು. ಕೂತಳು. ಫೋನು ಕಿವಿಗೆ ಹಾಕಿಕೊಂಡಳು.

"ನೋಡಿದ್ಯಾ?" ಎಂದ ಸೀ ರಫೀಕ್, ಗಾಜಿನ ಕೋಣೆಯಲ್ಲಿ, ನಗುತ್ತ. "ಇದಾದ್ರೆ ನೀರು ಹುಯ್ದು ಒರೆಸಿಬಿಡಬಹುದು. ನಿಮ್ಮೋರು ಕೂರೋ ಕಡೆಯೆಲ್ಲ ಇದನ್ನೇ ಹಾಕಿಸ್ತೀನಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ಅದು ಇನ್ನೂ ಅಸಹ್ಯ.

"ಆಮೇಲೆ ಬೀಗ ಬೀಳೋ ನಿಮಿಷಗಳನ್ನ ಅರ್ಧಕ್ಕೆ ಇಳಿಸು. ಒಬ್ಬೊಬ್ಬರೂ ಅಷ್ಟು ಹೊತ್ತು ಏನು ಮಾಡ್ತಾರೆ ಅಲ್ಲಿ. ನಿನ್ ಜನಕ್ಕೆ ಶಿಸ್ತು ನೀನೇ ಕಲಿಸ್ಬೇಕಮ್ಮ, ನಾನು ಹೇಳಿದ್ರೆ ಬೇರೆ ಥರ ಕಾಣುತ್ತೆ."

"ಆಗಲ್ಲ," ಎಂದಳು ಮಬ್ರೂಕಾ.

"ಯಾಕೆ, ಪ್ರೋಗ್ರಾಮಲ್ಲಿ ಬರಲ್ವಾ?"

"ಬರುತ್ತೆ. ನಾನು ಮಾಡಲ್ಲ."

ಅವನಿಗೆ ಅರ್ಥವಾಗಲಿಲ್ಲ. ಮನೆಯ ಗೋಡೆ ಎದುರು ಮಾತಾಡಿದರೆ ಮನುಷ್ಯ ಹೇಗೆ ನೋಡುತ್ತಾನೋ ಹಾಗೆ ನೋಡಿದ. "ಸಂಜೆಯೊಳಗೆ ಮಾಡು," ಎಂದು ತನ್ನ ಮೇಜಿಗೆ ಹೋದ.

ಮಬ್ರೂಕಾ ಪ್ರೋಗ್ರಾಮನ್ನು ತೆರೆದಳು. ಪೂರ್ತಿ ಅಳಿಸಬಹುದಿತ್ತು. ಅಳಿಸಿದರೆ ನಾಳೆ ಇನ್ನೊಬ್ಬರು ಬಂದು ಬರೆಯುತ್ತಾರೆ, ಅಷ್ಟೇನೂ ಕಷ್ಟದ್ದಲ್ಲ. ಬೀಗ ತಾಗದ ಮೂರು ಖಾತೆಗಳು ಒಂದೇ ಪಟ್ಟಿಯಲ್ಲಿದ್ದವು. ಆ ಪಟ್ಟಿಯಿಂದ ತನ್ನದನ್ನು ಮಾತ್ರ ತೆಗೆದಳು. ಸೇವ್ ಮಾಡಿದಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಹೀಗೆ ಸುಮ್ಮನೆ ಕೂರುವುದು ಸುಲಭವೆಂದುಕೊಂಡಿದ್ದಳು. ಆಗಲಿಲ್ಲ. ಬೆರಳುಗಳು ತಾವಾಗಿ ಕೀಲಿಮಣೆಯ ಕಡೆ ಹೋಗುತ್ತಿದ್ದವು. ಕೆಲಸ ಹೋಗುತ್ತದೆ, ಅವ್ವ ಮತ್ತೆ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ ಅನ್ನಿಸಿತು. ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ಪರದೆ ಕಪ್ಪಾಯಿತು. ಅವಳ ಹೆಸರಿನ ಮೇಲೆ ಅವಳದೇ ಬೀಗ ಬಿತ್ತು.

ಸ್ವಲ್ಪ ಹೊತ್ತಿಗೆ ಸಾಸಿಯಾ ಬಾಗಿಲಿಗೆ ಬಂದಳು. ಇವತ್ತಿನ ಮೊದಲನೆಯ ಬೀಗ. ಮುಖವನ್ನು ಗಟ್ಟಿ ಮಾಡಿಕೊಂಡು, ಕೇಳುವ ಮೊದಲೇ ಹೇಳಿದಳು: "ಉಚ್ಚೆಗೆ ಹೋಗಿದ್ದೆ. ಬರ್ಕೋ."

"ಬರ್ಯಕ್ಕಾಗಲ್ಲ," ಎಂದಳು ಮಬ್ರೂಕಾ. "ನಂದಕ್ಕೂ ಬೀಗ ಬಿದ್ದಿದೆ."

ಸಾಸಿಯಾ ಗಾಜಿನಾಚೆಯಿಂದ ಆ ಕಪ್ಪು ಪರದೆಯನ್ನು ನೋಡಿದಳು, ಮಬ್ರೂಕಾಳ ತೊಡೆಯ ಕೆಳಗಿನ ಕೈಗಳನ್ನು ನೋಡಿದಳು. ಆಮೇಲೆ ಹಾಲಿನ ಕಡೆ ತಿರುಗಿ, ಸೋಫಿಯ ದನಿ ಬಿಟ್ಟು ತನ್ನ ಓಣಿಯ ದನಿಯಲ್ಲಿ ಹೇಳಿದಳು:

"ಬೀಗ ತೆಗಿಯೋಳಿಗೇ ಬೀಗ ಬಿದ್ದಿದೆಯಂತೆ ಕಣ್ರೇ. ಕಾರಣ ಬರ್ಕೊಳ್ಳೋರಿಲ್ಲ, ಹೋಗೋರು ಹೋಗ್ಬನ್ನಿ."

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ನಾಲ್ಕನೆಯ ಸಾಲಿನ ದಪ್ಪ ಹೆಂಗಸೊಬ್ಬಳು ಕಿವಿಯ ಫೋನು ಕಳಚಿ ಎದ್ದಳು. "ನಂಗೆ ಬೆಳಿಗ್ಗೆಯಿಂದ ಬಂದಿದೆ ತಾಯಿ, ಯಾವ ಮ್ಯಾನೇಜರಿಗೆ ಬಂದಿಲ್ವೋ ಅವ್ನು ಕೂತಿರ್ಲಿ," ಎಂದು ನಡೆದಳು. ಅವಳ ಹಿಂದೆ ಇಬ್ಬರು. ನಿನ್ನೆ ಕಾಲು ಮೇಲೆತ್ತಿಕೊಂಡ ನಾಜೂಕಿನ ಹುಡುಗಿಯೂ ಎದ್ದಳು. ಶೌಚದ ಬಾಗಿಲಿಂದ ಹಾಲಿನ ಗೋಡೆಯುದ್ದಕ್ಕೂ ಸಾಲು ಬೆಳೆಯಿತು. ಮೇಜುಗಳ ಮೇಲೆ ಪರದೆಗಳು ಒಂದೊಂದಾಗಿ ಕಪ್ಪಾದವು. ಪ್ರೋಗ್ರಾಮು ಸರಿಯಾಗಿ ಕೆಲಸ ಮಾಡುತ್ತಿತ್ತು. ಫೋನುಗಳು ಹೊಡೆದುಕೊಳ್ಳುತ್ತಿದ್ದವು, ಎತ್ತುವವರಿರಲಿಲ್ಲ.

ಒಲ್ಫಾ ಸಾಲಿನ ಉದ್ದಕ್ಕೂ ಓಡಾಡಿ ಬೈದಳು, ಹೆಸರು ಹಿಡಿದು ಹೆದರಿಸಿದಳು. "ನಿಮಗೂ ಅರ್ಜೆಂಟಾ ಒಲ್ಫಾ, ಹಿಂದೆ ನಿಂತ್ಕೊಳ್ಳಿ," ಎಂದು ಯಾರೋ ಅಂದರು. ಹೆಂಗಸರು ನಕ್ಕರು.

ಸೀ ರಫೀಕ್ ಮಬ್ರೂಕಾಳ ಮೇಜು ಬಡಿದ. "ತೆಗಿ. ಎಲ್ಲರದ್ದೂ ತೆಗಿ."

"ನನ್ನದು ಮೊದಲು ತೆಗೀಬೇಕು. ಅದು ಇಲ್ಲಿಂದ ಆಗಲ್ಲ. ನಮ್ಮ ಕಂಪನಿಯ ಫ್ರಾನ್ಸಿನ ಆಫೀಸಿಗೆ ಫೋನ್ ಮಾಡ್ಬೇಕು, ಸರ್ವರ್ ಅಲ್ಲಿಂದ್ಲೂ ತೆಗೀಬಹುದು."

"ಯಾರ ಅನ್ನ ತಿಂದು ಯಾರಿಗೆ ದ್ರೋಹ ಮಾಡ್ತಿದ್ದೀಯೇ? ನಿಮ್ಮವ್ವ ನಮ್ಮ ಹಿತ್ತಿಲಲ್ಲಿ ಬೆಳೆದೋಳು."

"ಹೌದು," ಎಂದಳು ಮಬ್ರೂಕಾ. "ಮುಂದಿನ ಬಾಗಿಲಿಂದ ಒಳಗೆ ಬಿಟ್ಟಿದ್ದೇ ಇಲ್ಲ."

ಎದ್ದಳು. ಗಾಜಿನ ಬಾಗಿಲು ತೆರೆದು ಹೊರಗೆ ಬಂದು ಸಾಲಿನ ಕೊನೆಗೆ ಹೋಗಿ ನಿಂತಳು. ಅವಳ ಮುಂದೆ ಸಾಸಿಯಾ ಇದ್ದಳು, ಅವಳಿಗೆ ಮತ್ತೆ ಬಂದಿತ್ತು. ಮಬ್ರೂಕಾ ನಿನ್ನೆಯಿಂದ ಹೊತ್ತುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂತು. ಸಾಸಿಯಾ ತಿರುಗಿ ನೋಡದೆಯೇ ಹೇಳಿದಳು:

"ಇದ್ರಿಂದ ನಿನ್ನೆದು ಒಣಗಲ್ಲ ಕಣೇ."

"ಗೊತ್ತು."

"ಗೊತ್ತಿರ್ಲಿ." ಸಾಸಿಯಾ ಗೋಡೆಯ ಕಡೆ ಸ್ವಲ್ಪ ಸರಿದಳು. ಒಬ್ಬರು ಒರಗಿ ನಿಲ್ಲುವಷ್ಟು ಜಾಗವಾಯಿತು. ಮಬ್ರೂಕಾ ಅಲ್ಲಿ ಒರಗಿ ನಿಂತಳು.

ಒಳಗೆ ಸೀ ರಫೀಕ್ ಫೋನು ಹಿಡಿದು ಫ್ರೆಂಚಿನಲ್ಲಿ ಮಾತಾಡುತ್ತಿದ್ದ. ಮೆಷಿನ್ನಿನ ತೊಂದರೆ ಎಂದ. ಆ ಕಡೆಯವರು ಏನೋ ಕೇಳಿದರು. ಸಣ್ಣ ತೊಂದರೆ ಎಂದ. ಅವರು ಮತ್ತೆ ಅದನ್ನೇ ಕೇಳಿದರು. ಅವನ ಕುತ್ತಿಗೆ ಕೆಂಪಾಯಿತು. ಫೋನನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದ. ದಿನವೂ ಇವರು ಬಂದು ನಿಲ್ಲುತ್ತಿದ್ದ ಅದೇ ಬಾಗಿಲು. ಇಡೀ ಸಾಲು ಅವನ ಕಡೆ ತಿರುಗಿತು.

"ಮಬ್ರೂಕಾ," ಎಂದ. ದನಿ ತಗ್ಗಿತ್ತು. "ಅಲ್ಲಿಂದ್ಲೂ ಬೀಗ ತೆಗಿಯೋಕೆ ಆಗ್ತಿಲ್ವಂತೆ. ಕಾರಣ ಹಾಕ್ಬೇಕಂತೆ. ಏನಂತ ಹೇಳ್ಲಿ?"

"ಸ್ವಲ್ಪ ಗಟ್ಟಿಯಾಗಿ ಹೇಳಿ, ಹಿಂದಿನೋರಿಗೆ ಕೇಳಿಸ್ಲಿಲ್ಲ," ಎಂದಳು ದಪ್ಪ ಹೆಂಗಸು.

ಈ ಸಲ ಯಾರೂ ನಗಲಿಲ್ಲ.

"ನಾಚಿಕೆ ಅಂತ ಹೇಳಿ," ಎಂದಳು ಮಬ್ರೂಕಾ. ಅವಳ ದನಿ ಹಾಲಿನ ಆ ತುದಿಯವರೆಗೂ ಕೇಳಿತು. "ನನ್ನ ಖಾತೆಗೆ ಅದನ್ನ ಹಾಕ್ಸಿ. ನನಗಾಗಿದೆ. ನಿಮ್ಮದೇನು ಅಂತ ನೀವೇ ಹೇಳ್ಕೊಳ್ಳಿ."

ಸೀ ರಫೀಕ್ ಬಾಗಿಲಲ್ಲೇ ನಿಂತಿದ್ದ. ಎದೆಗೊತ್ತಿದ ಫೋನಿನೊಳಗಿಂದ ಆ ಕಡೆಯ ದನಿ ಇನ್ನೊಮ್ಮೆ ಕಾರಣ ಕೇಳಿತು.